ಕಥೆ ಇಲ್ಲದ ಪುಸ್ತಕ

"ಕಥೆನೇ ಇಲ್ವಲ್ಲ ಇದರಲ್ಲಿ, ಹೇಗೆ ಓದ್ತೀಯಾ?"

ಭಾನುವಾರ ಗೃಹಪ್ರವೇಶದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಚಿಕ್ಕಮ್ಮನ ಮಗಳು ಕೇಳಿದ ಮಾತಿದು. ನನ್ನ ಚೀಲದಲ್ಲಿದ್ದ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ತೆಗೆದು, ಗಿಡಗಳ ಚಿತ್ರ ನೋಡಿ, ಸುಮ್ನೆ ವಾಪಸ್ ಕೊಟ್ಟಳು. "ಅದೆಲ್ಲ ಪರೀಕ್ಷೆಗೆ ಕೂರೋರಿಗೆ" ಅಂದರು ಪಕ್ಕದಲ್ಲಿದ್ದ ಮಾವ. ಅವರ ಮಾತು ನನಗೆ ತಾಗಲಿಲ್ಲ, ಅವರಿಗೆ ಪುಸ್ತಕ ಅಂದರೆ ಮಾರ್ಕ್ಸು, ಅಷ್ಟೇ. ಅವಳು ಹಾಗಲ್ಲ. ಕಾದಂಬರಿ ಹಿಡಿದರೆ ಊಟ ನಿದ್ದೆ ಮರೆಯುವವಳು. ಪಾತ್ರಗಳ ಬಗ್ಗೆ ನೆಂಟರಿಷ್ಟರ ಸುದ್ದಿ ಹೇಳುವ ಹಾಗೆ ಮಾತಾಡುವವಳು. ಅಂಥವಳು ಕೇಳಿದಳು ಅಂತಲೇ ಈ ವಾರವೆಲ್ಲ ಆ ಮಾತು ತಲೆಯಲ್ಲಿ ಕೂತಿದೆ. ಬಸ್ಸಿನಲ್ಲಿ, ಸಾರು ಕುದಿಯುವಾಗ, ಮತ್ತೆ ಮತ್ತೆ. ಕಥೆನೇ ಇಲ್ವಲ್ಲ.

ಇದೆ ಕಣೇ. ಅತ್ತಿಹಣ್ಣನ್ನೇ ತಗೋ. ಅತ್ತಿಯ ಹೂ ಕಂಡವರಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಬಿಚ್ಚಿದರೆ ಬರೀ ಹುಳ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಈ ಎರಡಕ್ಕೂ ನಂಟಿದೆ ಅಂತ ತಿಳಿದದ್ದು ನನಗೆ ಪುಸ್ತಕದಿಂದಲೇ. ನಾವು ಕಾಯಿ ಅಂದುಕೊಳ್ಳುವುದು ಹೂಗೊಂಚಲು. ಪುಟಾಣಿ ಹೂಗಳೆಲ್ಲ ಅದರ ಒಳಮೈಗೆ ಅಂಟಿಕೊಂಡು ಒಳಗೇ ಅರಳುತ್ತವೆ. ತುದಿಯಲ್ಲೊಂದು ಸಣ್ಣ ತೂತು. ಹೆಣ್ಣು ಕಣಜ ಅಲ್ಲಿಂದ ತೂರಿಕೊಂಡು ಹೋಗುವಾಗ ಅದರ ರೆಕ್ಕೆ ಸಾಮಾನ್ಯವಾಗಿ ಕಿತ್ತುಹೋಗುತ್ತದೆ. ತಂದ ಪರಾಗವನ್ನು ಹೂಗಳಿಗೆ ತಾಗಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅದರ ಗಂಡುಮಕ್ಕಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡಿ, ಅವು ಹೊರಗೆ ಹೋಗಲು ದಾರಿ ಕೊರೆದು ಮುಗಿದುಹೋಗುತ್ತವೆ. ಹೆಣ್ಣುಗಳು ಪರಾಗ ಹೊತ್ತು ಬೇರೆ ಮರ ಹುಡುಕಿಕೊಂಡು ಹಾರುತ್ತವೆ.

ಇದನ್ನು ಓದಿದ ಮೇಲೆ ಹಿತ್ತಲಿನ ಮರದಿಂದ ಒಂದು ಕಾಯಿ ಕಿತ್ತು ಬ್ಲೇಡಿನಿಂದ ಸೀಳಿದ್ದೆ. ಒತ್ತೊತ್ತಾಗಿ ಎಳೆ ಹೂಗಳು, ನಡುವೆ ಟೊಳ್ಳು. ಟೊಳ್ಳಿನಲ್ಲಿ ಒಂದು ಕಣಜ ಮೆಲ್ಲಗೆ ಹರಿದಾಡುತ್ತಿತ್ತು. ಮೈ ಜುಂ ಅಂದಿತು.

ನನ್ನನ್ನು ಹಿಡಿದಿಡುವುದು ಇದೇ. ಯಾರೂ ಕಟ್ಟಿದ್ದಲ್ಲ, ನಾನು ಓದದಿದ್ದರೂ ಹಿತ್ತಲಲ್ಲಿ ನಡೆಯುತ್ತಲೇ ಇರುತ್ತದೆ. ಎದ್ದು ಹೋಗಿ ನೋಡಬಹುದು.

ಆದರೆ ನಮ್ಮಲ್ಲಿ ಸಾಹಿತ್ಯ ಅಂದರೆ ಕಥೆ, ಕವಿತೆ, ಕಾದಂಬರಿ. ಉಳಿದದ್ದೆಲ್ಲ ಮಾಹಿತಿ. ಇದು ನನಗೆ ನಿಜಕ್ಕೂ ಬೇಜಾರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವಳು ವಾಪಸ್ ಕೊಟ್ಟ ಇದೇ ಪುಸ್ತಕಕ್ಕೆ. ಕಾಡಿನಲ್ಲಿ ಹುಡುಗರನ್ನು ಕಟ್ಟಿಕೊಂಡು ಅಲೆಯುವ ಮೇಷ್ಟ್ರು, ಅವರ ತಮಾಷೆ, ಅವರೇ ಬರೆದ ಚಿತ್ರಗಳು, ಎಲ್ಲ ಅದರಲ್ಲಿವೆ. ಅವಳು ಇಷ್ಟಪಡುವ ಕಾದಂಬರಿಗಳನ್ನು ಬರೆದ ಕಾರಂತರೇ ನಾಲ್ಕು ಸಂಪುಟ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ಅದನ್ನು ಕೇಳುವವರು ಎಷ್ಟು ಜನ?

ಸ್ವಾಮಿಯವರ ತಂದೆ ಡಿವಿಜಿ ಕೂಡ ಹಾಗೇ. ಜನರಿಗೆ ಕಗ್ಗ ಗೊತ್ತು. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅವರ 'ಜ್ಞಾಪಕ ಚಿತ್ರಶಾಲೆ'. ತಾವು ಕಂಡ ಜನರ ನೆನಪುಗಳು, ಎಂಟು ಸಂಪುಟ. ಮೈಸೂರಿನ ದಿವಾನರಿಗೆ ಒಂದು ಸಂಪುಟ ಕೊಟ್ಟವರು ವೈದಿಕರಿಗೂ ಒಂದು ಕೊಟ್ಟರು, ಸಂಗೀತಗಾರರಿಗೂ ಜಾಗ ಮಾಡಿದರು. ದಿವಾನರ ಹೆಸರು ಹೇಗಾದರೂ ಉಳಿಯುತ್ತಿತ್ತು. ಉಳಿದವರ ಪೈಕಿ ಎಷ್ಟೋ ಜನ ಇದ್ದರು ಅನ್ನೋದೇ, ಡಿವಿಜಿ ಬರೆಯದಿದ್ದರೆ, ನಮಗೆ ತಿಳಿಯುತ್ತಿರಲಿಲ್ಲ. ಅಷ್ಟು ಸಾಕಲ್ವಾ ಓದೋದಕ್ಕೆ?