ಟಿಗ್ ತಗೊಳ್ಳಲಾ, ಮಿಗ್ ತಗೊಳ್ಳಲಾ?

ಕಾರವಾರದ ನನ್ನ ಶೆಡ್ಡಿಗೆ ಬರುವವರು ಜಾಸ್ತಿ ಕೇಳುವುದು ಇದನ್ನೇ: "ಮನೆ ಕೆಲಸಕ್ಕೆ ಒಂದು ವೆಲ್ಡಿಂಗ್ ಮಷೀನ್ ಬೇಕು. ಟಿಗ್ ಒಳ್ಳೇದಾ, ಮಿಗ್ ಒಳ್ಳೇದಾ?" ಮಿಗ್‌ನಲ್ಲಿ ಮಷೀನಿನಿಂದ ಬರುವ ವೈರೇ ಕರಗಿ ಲೋಹ ಕೂಡಿಸುತ್ತದೆ. ಟಿಗ್‌ನಲ್ಲಿ ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಬಿಸಿ ಬರುತ್ತದೆ, ಕರಗುವ ರಾಡನ್ನು ನಾವೇ ಕೈಯಲ್ಲಿ ಕೊಡಬೇಕು. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ನಿಮ್ಮದು ಕಬ್ಬಿಣದ ಕೆಲಸವೋ, ಸ್ಟೀಲಿನದೋ (ಸ್ಟೇನ್‌ಲೆಸ್)?

ಗೇಟು, ಕಿಟಕಿ ಗ್ರಿಲ್, ಹೂಕುಂಡದ ಸ್ಟ್ಯಾಂಡ್, ಅಂಗಳಕ್ಕೆ ತಗಡಿನ ಮಾಡು. ಕಬ್ಬಿಣದ ಸ್ಕ್ವೇರ್ ಪೈಪಿನಲ್ಲಿ ಇಷ್ಟು ಮಾಡುವವರಿಗೆ ಮಿಗ್ ಧಾರಾಳ ಸಾಕು. ಟ್ರಿಗರ್ ಒತ್ತಿದರೆ ವೈರ್ ತಾನಾಗಿ ಬರುತ್ತದೆ, ಬೇಗ ಕೈಗೆ ಹತ್ತುತ್ತದೆ. 0.8 ಮಿ.ಮೀ. ವೈರ್ ಹಾಕಿ, ಕರೆಂಟ್ ಕಡಿಮೆ ಇಟ್ಟರೆ 1.6 ಮಿ.ಮೀ. ಪೈಪೂ ತೂತು ಬೀಳದೆ ಕೂಡುತ್ತದೆ. ಜಿಐ ಪೈಪ್ ಆದರೆ ಜೋಡಿಸುವ ಜಾಗದ ಸತುವಿನ ಲೇಪ ಮೊದಲು ಉಜ್ಜಿ ತೆಗೆಯಿರಿ. ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರಬಹುದು.

ನಮ್ಮ ಕರಾವಳಿಯಲ್ಲಿ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟಿಗ್ ಇರಲಿ, ಮಿಗ್ ಇರಲಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಪಾಡುವುದು ಸಿಲಿಂಡರಿನಿಂದ ಬರುವ ಗ್ಯಾಸ್. ಮಧ್ಯಾಹ್ನ ಕಡಲ ಗಾಳಿ ಏಳುವ ಹೊತ್ತಿಗೆ ಅಂಗಳದಲ್ಲಿ ಕೂತರೆ ಗ್ಯಾಸ್ ಹಾರಿಹೋಗುತ್ತದೆ, ವೆಲ್ಡಿಂಗ್ ತುಂಬ ಸೂಜಿಮೊನೆಯಂಥ ತೂತು. ಮರೆ ಕಟ್ಟಿಕೊಳ್ಳಿ. ಇಲ್ಲವೇ ಮಿಗ್‌ಗೆ ಫ್ಲಕ್ಸ್ ಕೋರ್ ವೈರ್ (ಒಳಗೆ ಪುಡಿ ತುಂಬಿದ ವೈರ್) ಹಾಕಿ, ಅದರಲ್ಲಿ ಗ್ಯಾಸ್ ಬೇಡದ ಬಗೆಯನ್ನೇ ಕೇಳಿ ತಗೊಳ್ಳಿ. ಆ ವೈರಿಗೆ ಟಾರ್ಚನ್ನು (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಹಿಡಿ) ಸಾಮಾನ್ಯವಾಗಿ ನೆಗೆಟಿವ್‌ಗೆ ಕೊಡಬೇಕು. ಹಾಗಾಗಿ ಪಾಸಿಟಿವ್, ನೆಗೆಟಿವ್ ಕೇಬಲ್ ಅದಲುಬದಲು ಮಾಡಲು ಬರುವ ಮಷೀನೇ ತಗೊಳ್ಳಿ.

ಇನ್ನು ಸ್ಟೀಲ್. "ಸ್ಟೀಲಿಗೂ ತುಕ್ಕು ಹಿಡೀತಲ್ಲ ಮಾರಾಯ್ರೆ!" ಎನ್ನುವ ಮಾತು ಕಡಲ ಬದಿಯ ಮನೆಗಳಲ್ಲಿ ತುಂಬಾ ಕೇಳಿದ್ದೇನೆ. ಅಗ್ಗದ 202 ಗ್ರೇಡ್ ಸ್ಟೀಲ್ ಉಪ್ಪುಗಾಳಿಗೆ ನಿಲ್ಲುವುದಿಲ್ಲ. 304 ವಾಸಿ, ಆದರೆ ಅದಕ್ಕೂ ಕಂದು ಕಲೆ ಬರುತ್ತದೆ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಜಾಸ್ತಿ. ಇಂಥ ತೆಳು ಪೈಪಿನ ರೇಲಿಂಗ್ ಮಾಡುವುದಾದರೆ ಮಾತ್ರ ನಾನು ಟಿಗ್ ಎನ್ನುತ್ತೇನೆ. ಮಿಗ್‌ನಲ್ಲೂ ಸ್ಟೀಲ್ ಆಗುತ್ತದೆ, ಆದರೆ ವೈರೂ ಗ್ಯಾಸೂ ಬೇರೆಯೇ ಬೇಕು.

ಟಿಗ್‌ನಲ್ಲಿ ಒಂದು ಕೈಗೆ ಟಾರ್ಚ್, ಇನ್ನೊಂದಕ್ಕೆ ಫಿಲ್ಲರ್ ರಾಡ್. ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಾಗಬಾರದು. ತಾಗಿತೋ, ನಿಲ್ಲಿಸಿ ಮತ್ತೆ ಅದನ್ನು ಚೂಪು ಮಾಡಬೇಕು. ಕಲಿಯಲು ತಾಳ್ಮೆ ಬೇಕು. 304ಕ್ಕೆ 308ಎಲ್ ರಾಡ್, 316ಕ್ಕೆ 316ಎಲ್. ಮುಗಿದ ಮೇಲೆ ಬಣ್ಣ ನೋಡಿ. ತೆಳು ಹೊಂಬಣ್ಣ ಇದ್ದರೆ ಕೆಲಸ ಚೆನ್ನಾಗಿದೆ. ನೀಲಿ, ಬೂದು, ಕಪ್ಪು ಬಂದರೆ ಬಿಸಿ ಹೆಚ್ಚಾಗಿದೆ ಅಥವಾ ಗ್ಯಾಸ್ ಸಾಲಲಿಲ್ಲ. ಆ ಬಣ್ಣವನ್ನು ಹಾಗೇ ಬಿಟ್ಟರೆ ನಮ್ಮೂರಿನಲ್ಲಿ ತುಕ್ಕು ಮೊದಲು ಹತ್ತುವುದೇ ಅಲ್ಲಿ. ಸ್ಟೀಲ್ ಉಜ್ಜುವ ಸ್ಟೇನ್‌ಲೆಸ್ ಬ್ರಷ್ಷನ್ನು ಕಬ್ಬಿಣಕ್ಕೆ ಮುಟ್ಟಿಸದೆ ಬೇರೆ ಇಟ್ಟುಕೊಳ್ಳಿ. ಬಣ್ಣ ತೆಗೆಯುವ ಪಿಕ್ಲಿಂಗ್ ಪೇಸ್ಟ್ ಜೋರು ಆಸಿಡ್, ಅದಕ್ಕೆ ತಕ್ಕ ಗ್ಲೌಸ್ ಮತ್ತು ಕನ್ನಡಕ ಇಲ್ಲದೆ ಮುಟ್ಟಲೇಬೇಡಿ.

ಅಲ್ಯೂಮಿನಿಯಂ ಏಣಿ, ಪಾತ್ರೆ ರಿಪೇರಿ ಮಾಡೋಣ ಅಂತ ಟಿಗ್ ತಗೊಳ್ಳುವವರು ಸ್ವಲ್ಪ ತಡೆಯಿರಿ. ಅದಕ್ಕೆ ಎಸಿ ಟಿಗ್ ಬೇಕು. ಕಡಿಮೆ ಬೆಲೆಯವು ಹೆಚ್ಚಾಗಿ ಡಿಸಿ ಮಾತ್ರ. ಮಿಗ್, ಟಿಗ್, ರಾಡ್ ಸಿಕ್ಕಿಸಿ ಮಾಡುವ ಆರ್ಕ್ ಮೂರೂ ಆಗುತ್ತದೆ ಎಂದು ಮಾರುವ ಮಷೀನುಗಳಲ್ಲೂ ಟಿಗ್ ಸಾಮಾನ್ಯವಾಗಿ ಡಿಸಿಯೇ. ಕೇಳಿಯೇ ದುಡ್ಡು ಕೊಡಿ.

ಶಿರಸಿ ಕಡೆಯ ತೋಟದವರಿಗೆ ನನ್ನ ಉತ್ತರ ಬೇರೆ. ಕೈಗಾಡಿ, ಗೇಟಿನ ಕೀಲು, ಅಡಿಕೆ ಒಣಗಿಸುವ ಶೆಡ್ಡಿನ ಕಂಬ, ಇಷ್ಟಕ್ಕೆ ಟಿಗ್ಗೂ ಬೇಡ, ಮಿಗ್ಗೂ ಬೇಡ. ಇನ್ವರ್ಟರ್ ಆರ್ಕ್ ಮಷೀನು, ಒಂದು ಪ್ಯಾಕೆಟ್ 6013 ರಾಡ್ ಸಾಕು. ಸಿಲಿಂಡರ್ ಹೊತ್ತು ತಿರುಗುವ ಕಷ್ಟ ಇಲ್ಲ.

ಸಿಲಿಂಡರ್ ಎಂದರೆ ನೆನಪಾಯಿತು. ಮಷೀನ್ ನೋಡುವ ಮೊದಲು ಗ್ಯಾಸ್ ಎಲ್ಲಿ ತುಂಬಿಸುತ್ತಾರೆ ಎಂದು ವಿಚಾರಿಸಿ. ಕಬ್ಬಿಣದ ಮಿಗ್ ಕೆಲಸಕ್ಕೆ ಬರೀ ಸಿಒ2 (ಕಾರ್ಬನ್ ಡೈಆಕ್ಸೈಡ್) ನಡೆಯುತ್ತದೆ. ಟಿಗ್‌ಗೆ ಶುದ್ಧ ಆರ್ಗಾನೇ ಬೇಕು, ಸಿಒ2 ಕೊಟ್ಟರೆ ಟಂಗ್‌ಸ್ಟನ್ ಸುಟ್ಟುಹೋಗುತ್ತದೆ. ಮಷೀನಿಗೆ ಎಷ್ಟು ಆಂಪ್ ಬೇಕು ಎಂದು ನೋಡಿಕೊಂಡು, ಬೇರೆ ಲೈನೂ ಎಂಸಿಬಿಯೂ ಹಾಕಿಸಿ. ಮಳೆಗಾಲದಲ್ಲಿ ವೈರ್ ರೀಲನ್ನು ಮಷೀನಿನಲ್ಲೇ ಬಿಡಬೇಡಿ, ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿಡಿ. ಅಂಗಡಿಗೆ ಹೋಗುವಾಗ ನಿಮ್ಮ ಕೆಲಸದ ಪೈಪಿನದೇ ಎರಡು ತುಂಡು ತಗೊಂಡು ಹೋಗಿ, ನಿಮ್ಮ ಕೈಯಲ್ಲೇ ಕೂಡಿಸಿ ನೋಡಿ.