ಚೀನಿ ಅಕ್ಷರಗಳ ಚಿತ್ರಪುಸ್ತಕ: ಮರ, ಕುದುರೆ ಮುಗಿದವು, ಮೂಡಣ ನಡೀತಿದೆ

ಪ್ರತಿ ಪುಟದಲ್ಲೂ ಎಡಗಡೆ ಹಳೆಯ ಮೂಳೆ ಬರಹದ ರೂಪ, ಬಲಗಡೆ ಇವತ್ತಿನ ಅಕ್ಷರ. ಹಳೆಯದು ಸುಮಾರು 3,200 ವರ್ಷ ಹಿಂದಿನದು. ಚೀನಾದ ಆನ್ಯಾಂಗ್ ಹತ್ತಿರ ಶಾಂಗ್ ವಂಶದ ಅರಸರು ಕಣಿ ಕೇಳುವಾಗ ಆಮೆಯ ಚಿಪ್ಪು, ಎತ್ತಿನ ಮೂಳೆಗಳ ಮೇಲೆ ಕೊರೆಸಿದ್ದು. ಗಟ್ಟಿ ಮೂಳೆಯಲ್ಲಿ ಚಾಕು ಸುಲಭವಾಗಿ ತಿರುಗುವುದಿಲ್ಲ, ಹಾಗಾಗಿ ದುಂಡನೆಯ ಸೂರ್ಯನಿಗೂ ಮೂಲೆಗಳು ಬಂದವು. ಅದಕ್ಕೇ ಎಡಗಡೆಗೆ ಈಗ ಬ್ರಷ್ ಬಿಟ್ಟು ತೆಳು ತುದಿಯ ಪೆನ್ ಬಳಸುತ್ತಿದ್ದೇನೆ.

ಮರ, ಅಂದರೆ 'ಮು', ಬೇಗ ಆಯಿತು. ಮೇಲೆ ಕೊಂಬೆ, ನಡುವೆ ಕಾಂಡ, ಕೆಳಗೆ ಬೇರು. ಇವತ್ತಿನ ರೂಪದಲ್ಲಿ ಕೊಂಬೆಗಳು ನೆಟ್ಟಗಾಗಿ ಒಂದು ಅಡ್ಡಗೆರೆ ಆಗಿವೆ. ಎರಡು ಮರ ಬರೆದರೆ ತೋಪು, ಮೂರು ಬರೆದರೆ ಕಾಡು.

ಕುದುರೆ ಮಾತ್ರ ನನ್ನನ್ನು ತುಂಬಾ ಹೊತ್ತು ಹಿಡಿದು ಕೂರಿಸಿತು. ಮೂಳೆಯ ಮೇಲಿನ 'ಮಾ' ಬಾಲ ಊರಿಕೊಂಡು ನೆಟ್ಟಗೆ ನಿಂತಿದೆ! ಸಾಲುಗಳನ್ನು ಮೇಲಿಂದ ಕೆಳಗೆ ಬರೆಯುತ್ತಿದ್ದರು. ಮೂಳೆಯಲ್ಲದೆ ಬಿದಿರಿನ ಪಟ್ಟಿಗಳ ಮೇಲೂ ಬರೆಯುತ್ತಿದ್ದರು ಎನ್ನುತ್ತಾರೆ, ಅವು ಕಿರಿದು. ಉದ್ದ ಮೈಯ ಪ್ರಾಣಿಯನ್ನು ತಿರುಗಿಸಿ ನಿಲ್ಲಿಸಿದರೆ ಜಾಗ ಸಾಕಾಗುತ್ತದೆ ಅಲ್ವಾ? ಕುತ್ತಿಗೆಯ ಕೂದಲು ಮೂರು ಅಡ್ಡಗೆರೆಯಾಗಿ ಉಳಿಯಿತು. ಕಾಲು, ಬಾಲದ ಗೆರೆಗಳು ನಾಲ್ಕು ಚುಕ್ಕೆಗಳಾದವು. 1950ರ ದಶಕದ ಸರಳೀಕರಣದಲ್ಲಿ ಆ ಚುಕ್ಕೆಗಳೂ ಸೇರಿ ಒಂದೇ ಗೆರೆ ಆಯಿತು. ಈ ಪುಟದಲ್ಲಿ ಎರಡಲ್ಲ, ಎಲ್ಲ ಹಂತಗಳನ್ನೂ ಬರೆದಿದ್ದೇನೆ. ಇಷ್ಟು ಚೆಂದದ ಬದಲಾವಣೆಯನ್ನು ಬಿಡಲು ಮನಸ್ಸಾಗಲಿಲ್ಲ.

ಈಗ ಮೂಡಣದ 'ದೋಂಗ್'. ಮರದ ನಡುವೆ ಸೂರ್ಯ, ಅಂದರೆ ಸೂರ್ಯ ಹುಟ್ಟುವ ದಿಕ್ಕು. ಎಲ್ಲ ಕಡೆ ಸಿಗುವ ವಿವರಣೆ ಇದು. ಕ್ರಿ.ಶ. 100ರ ಸುಮಾರಿನಲ್ಲಿ ನಿಘಂಟು ಬರೆದ ಶು ಶೆನ್ ಕೂಡ ಇದನ್ನೇ ಕೊಟ್ಟಿದ್ದಾನೆ. ಆದರೆ ಮೂಳೆ ಬರಹ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1899ರಲ್ಲಿ. ಅದರಲ್ಲಿ ಕಾಣುವುದು ಎರಡೂ ತುದಿ ಕಟ್ಟಿದ ಚೀಲದಂಥ ಚಿತ್ರ. ಉಚ್ಚಾರ ಹತ್ತಿರವಿತ್ತೆಂದು ಚೀಲದ ಚಿತ್ರವನ್ನೇ ದಿಕ್ಕಿಗೂ ಬಳಸಿಕೊಂಡರು ಎಂದು ಈಗಿನ ಹಲವು ವಿದ್ವಾಂಸರು ಹೇಳುತ್ತಾರೆ. 'ಬರುವುದು' ಎಂಬ ಅರ್ಥದ 'ಲಾಯ್' ಕೂಡ ಹೀಗೇ, ಮೂಲದಲ್ಲಿ ಅದು ಗೋಧಿ ಗಿಡದ ಚಿತ್ರ.

ಸೂರ್ಯನ ಕತೆ ನೆನಪಿಡಲು ಸುಲಭ ನಿಜ. ಆದರೂ ನನ್ನ ಪುಸ್ತಕದಲ್ಲಿ ಶಾಯಿಯಲ್ಲಿ ಬರುವುದು ಚೀಲವೇ. ಕತೆಯನ್ನು ಕೆಳಗೆ ಪೆನ್ಸಿಲಿನಲ್ಲಿ ಬರೆದು, ಅದು ಶು ಶೆನ್‌ನ ಕಾಲದ್ದು ಎಂದು ಗುರುತು ಹಾಕುತ್ತೇನೆ. ಮುಂದಿನದು ಮನೆ: ಸೂರಿನ ಕೆಳಗೆ ಹಂದಿ.