ತದಡಿಯಲ್ಲಿ ಹನ್ನೊಂದು ಬಾಟಲಿ ನೀರು

ನಾಲ್ಕು ದಿನದಲ್ಲಿ ಮಿರ್ಜಾನ್ ಕೋಟೆ, ಯಾಣ, ಗೋಕರ್ಣ ಮೂರೂ ಆದವು. ಮಳೆ ಮುಗಿಯುವ ಹೊತ್ತಿಗೆ ಪಾಚಿ ಕಟ್ಟಿದ ಕೋಟೆಯ ಗೋಡೆ ನೋಡಲು ಚೆಂದ. ಗೋಕರ್ಣದ ಕಡಲತೀರದಲ್ಲಿ ಮೀನಿಗಿಂತ ಪಾಸ್ತಾ ಬೇಗ ಸಿಗುತ್ತದೆ, ಅಷ್ಟು ಸಾಕು. ಬರೆಯಬೇಕೆನಿಸಿದ್ದು ಮೂರನೇ ದಿನ ಅಘನಾಶಿನಿಯ ಅಳಿವೆಯಲ್ಲಿ ದೋಣಿ ಮೇಲೆ ಕಳೆದ ಐದು ಗಂಟೆ.

ಅಕ್ಕನ ಮಗಳು ಸಮುದ್ರದ ನೀರಿನ ರಸಾಯನ ಓದುತ್ತಿದ್ದಾಳೆ. "ಮಾವ, ಬಾಟಲಿ ಹಿಡ್ಕೊಳ್ಳೋಕೆ ಒಬ್ರು ಬೇಕು, ಬರ್ತೀಯಾ?" ಅಂದಳು. ಮೀನಿನ ಆಸೆಗೆ ಹೊರಟೆ. ಶಿರಸಿ ಕಡೆಯ ಕಾಡಿನ ಎಲೆ, ತೊಗಟೆ, ಮಣ್ಣಿನಿಂದ ಕರಗಿ ಬಂದ ಸಾರ ಕಡಲೊಳಗೆ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದು ಅವಳ ಹುಡುಕಾಟ. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದ ನೀರು ತಡೆಯಿಲ್ಲದೆ ತದಡಿಗೆ ಬರುತ್ತದೆ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ.

ದೋಣಿಯವರಿಗೆ ಅರವತ್ತರ ಹತ್ತಿರ. ಪುಸ್ತಕ ಹಿಡಿದವಳನ್ನು ನೋಡಿ ಟೀಚರ್ ಅಂದುಕೊಂಡು ಕೊನೆಯವರೆಗೂ "ಅಕ್ಕೋರೆ" ಎಂದೇ ಕರೆದರು. ಅವಳು ಒಂದು ಹನಿ ನೀರನ್ನು ರಿಫ್ರಾಕ್ಟೋಮೀಟರ್ ಗಾಜಿಗೆ ಬಿಟ್ಟು ಕಣ್ಣಿಗೆ ಹಿಡಿದಳು. "ಉಪ್ಪು ನೋಡೂಕೆ ದುರ್ಬೀನು ಎಂತಕೆ ಅಕ್ಕೋರೆ, ನಾಲ್ಗೆ ಇಲ್ವಾ?" ಎಂದು ಬೆರಳು ಅದ್ದಿ ನೆಕ್ಕಿದರು.

ನಡುಹೊಳೆಯಲ್ಲಿ ನೀರು ಕೆಂಪಗೆ ಕದಡಿತ್ತು. "ಕಾಡಿನ ನೀರು ಅಂದ್ರೆ ಇದೇ, ತುಂಬ್ಕಳಿ" ಅಂದರು. ತುಂಬಿಕೊಂಡಳು. ಮುಂದೆ ಇಳಿತ ಜೋರಾಯಿತು. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಸಂದಿಯಿಂದ ಒಂದು ಸಣ್ಣ ಹಳ್ಳ ಹೊಳೆಗೆ ಖಾಲಿಯಾಗುತ್ತಿತ್ತು. ಕಪ್ಪಗೆ ಕಂಡರೂ ತಳದ ಚಿಪ್ಪು ಕಾಣುವಷ್ಟು ತಿಳಿನೀರು. ಅವಳ ಪಟ್ಟಿಯಲ್ಲಿ ಆ ಜಾಗವೇ ಇರಲಿಲ್ಲ.

"ಅಲ್ಲೆಂತ ಅದೆ? ಬರೀ ಬುಡದ ನೀರು. ನಮ್ಮಪ್ಪ ಬಲೆಗೆ ಹಾಕೂ ನೀರಿನ ಬಣ್ಣ."

ಅವಳು ತಟ್ಟನೆ ತಿರುಗಿದಳು. ಯಾವ ನೀರು? ಹತ್ತಿನೂಲಿನ ಬಲೆ ಇದ್ದ ಕಾಲದಲ್ಲಿ ಮರದ ತೊಗಟೆ ಕುಟ್ಟಿ, ಹಂಡೆಯಲ್ಲಿ ಬೇಯಿಸಿ, ಆ ಕಷಾಯದಲ್ಲಿ ಬಲೆ ಅದ್ದಿ ಒಣಗಿಸುತ್ತಿದ್ದರಂತೆ, ನೂಲು ಕೊಳೆಯದಿರಲಿ ಅಂತ. ಹಂಡೆ ಕಾಯುವ ಕೆಲಸ ಮಕ್ಕಳದ್ದು. ಎಂಟು ದಿನ ಅಂಗೈ ಕೆಂಪು, ಶಾಲೆಯಲ್ಲಿ ಮಾಸ್ತರ ಹತ್ತಿರ ಬೈಸಿಕೊಳ್ಳೋದು. "ನೈಲಾನ್ ಬಂತು, ಹಂಡೆ ಗುಜರಿಗೆ ಹೋಯ್ತು." ಹೀಗೆ ಅರ್ಧ ಗಂಟೆ ದೋಣಿ ನಿಂತಲ್ಲೇ ನಿಂತಿತ್ತು. ಕೊನೆಗೆ ಅವಳು ಆ ಹಳ್ಳದಿಂದಲೂ ಒಂದು ಬಾಟಲಿ ತುಂಬಿದಳು.

ಅವತ್ತು ರಾತ್ರಿ ಕುಮಟೆಯ ಲಾಡ್ಜಿನಲ್ಲಿ ಸಿರಿಂಜಿನಿಂದ ಒತ್ತಿ 0.2 ಮೈಕ್ರಾನ್ ಸೋಸುಕದಲ್ಲಿ ನೀರು ಸೋಸುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪು ನೀರು ಸೋಸುಕಕ್ಕೆ ಕಚ್ಚಿಕೊಂಡು ಹೆಬ್ಬೆರಳು ನೋಯಿಸಿತು. ಅದು, ಕಾಂಡ್ಲದ ನೀರು ಎರಡನ್ನೂ ಉದ್ದನೆಯ ಗಾಜಿನ ಕೊಳವೆಗೆ ಹಾಕಿ ನನ್ನ ಬಿಳಿ ಪಂಚೆಯ ಮೇಲೆ ಇಟ್ಟಳು. ಕೆಂಪು ನೀರು ಬಾವಿ ನೀರಿನಷ್ಟು ತಿಳಿಯಾಗಿತ್ತು, ಅದರ ಬಣ್ಣವೆಲ್ಲ ಮಣ್ಣಿನದು. ಕಾಂಡ್ಲದ ತಿಳಿನೀರು ಮಾತ್ರ, ಸೋಸಿದ ಮೇಲೂ, ಹಾಲಿಲ್ಲದ ತೆಳು ಚಹಾ! ನಾನು ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಇಷ್ಟು ವರ್ಷ ಹೊಳೆಯ ಬಣ್ಣ ಅಂತ ನೋಡಿದ್ದೆಲ್ಲ ಬರೀ ಕೆಸರೇ?

ಈ ಕರಗಿದ ಹಳದಿಗೆ 1930ರ ದಶಕದಲ್ಲಿ ಜರ್ಮನಿಯ ಕುರ್ಟ್ ಕಾಲೆ 'ಗೆಲ್ಬ್‌ಷ್ಟೋಫ್', ಅಂದರೆ ಹಳದಿ ವಸ್ತು, ಎಂದೇ ಹೆಸರಿಟ್ಟನಂತೆ. ಅದು ನೇರಳಾತೀತ ಮತ್ತು ನೀಲಿ ಬೆಳಕನ್ನು ನುಂಗುತ್ತದೆ, ಕೆಂಪಿನ ಕಡೆ ಹೋದಂತೆ ಸುಮ್ಮನಾಗುತ್ತದೆ. ಪ್ರಯೋಗಾಲಯದ ಯಂತ್ರ ಆ ಇಳಿಜಾರನ್ನು ಗೆರೆ ಎಳೆದು ತೋರಿಸುತ್ತದೆ. 275ರಿಂದ 295 ನ್ಯಾನೋಮೀಟರ್ ನಡುವಿನ ಇಳಿಜಾರೇ ಅವಳ ಗುರುತು: ನೆಲದಿಂದ ಬಂದ ದೊಡ್ಡ ಅಣುಗಳಿದ್ದರೆ ಇಳಿಜಾರು ಮೆಲ್ಲಗೆ, 0.015ರ ಆಸುಪಾಸು, ಬಿಸಿಲಿನಲ್ಲಿ ಒಡೆದು ಸಣ್ಣದಾದ ದೂರದ ಕಡಲಿನ ಸಾರಕ್ಕೆ ಕಡಿದು, 0.025 ದಾಟುತ್ತದೆ. ಉಪ್ಪು ಏರಿದಂತೆ ಹಳದಿ ಸಮನಾಗಿ ಇಳಿದರೆ ಹೊಳೆ-ಕಡಲು ಬರೀ ಬೆರೆತಿವೆ. ಆ ಇಳಿಕೆಯ ಗೆರೆಗಿಂತ ಮೇಲೆ ನಿಂತ ಚುಕ್ಕೆ ಇದ್ದರೆ ನಡುವೆ ಬೇರೆ ಯಾರೋ ಸೇರಿಸಿದ್ದಾರೆ.

"ಬಿಸಿಲಿನಲ್ಲಿ ಒಡೆದು" ಅಂದಾಗ ನನ್ನ ಮುಖ ಇಳಿಯಿತು. ಕಂದು ಬಾಟಲಿ ಸಾಲದೆ ಮೂರನ್ನು ಬಿಳಿ ಗಾಜಿನವು ತಂದು, ಅಲ್ಯೂಮಿನಿಯಂ ಹಾಳೆ ಸುತ್ತಿಟ್ಟಿದ್ದಳು. ತದಡಿ ಬಂದರಿನಲ್ಲಿ ಕಟ್ಟಿಸಿಕೊಂಡ ಬಂಗಡೆ ಫ್ರೈ ಎಣ್ಣೆ ಬಿಡುತ್ತಿತ್ತು. ಮೂರರ ಹಾಳೆಯನ್ನೂ ಬಿಚ್ಚಿ ಮೀನಿಗೆ ಸುತ್ತಿದವನು ನಾನೇ. ಬಾಟಲಿಗಳು ಐಸ್‌ಪೆಟ್ಟಿಗೆಯ ಹೊರಗೆ, ದೋಣಿಯ ಹಲಗೆ ಮೇಲೆ, ಮಧ್ಯಾಹ್ನದವರೆಗೆ ಬಿಸಿಲು ಕಾಯಿಸಿಕೊಂಡಿದ್ದವು. "ಎಷ್ಟು ಬದಲಾಗಿದೆಯೋ, ಅನುಮಾನದ ನೀರು ಲೆಕ್ಕಕ್ಕಿಲ್ಲ" ಎಂದು ಮೂರನ್ನೂ ಬಚ್ಚಲಿಗೆ ಸುರಿದಳು, ಬಯ್ಯಲೂ ಇಲ್ಲ. ಇಂಥ ಕೆಲಸಕ್ಕೆ ಹೋಗುವವರು ಊಟದ ಫಾಯಿಲ್ ಬೇರೆ ಒಯ್ಯಿರಿ. ಬಂಗಡೆ ಮಾತ್ರ ಅದ್ಭುತವಾಗಿತ್ತು.

ಮೂರು ವಾರ ಬಿಟ್ಟು ಗ್ರಾಫಿನ ಫೋಟೋ ಕಳಿಸಿದಳು. ಎಡದಿಂದ ಬಲಕ್ಕೆ ಇಳಿಯುವ ಗೆರೆ, ಅದರ ಮೇಲೆ ಬಹಳ ಎತ್ತರಕ್ಕೆ ಒಂಟಿ ಚುಕ್ಕೆ, ಪಕ್ಕದಲ್ಲಿ "ಬಲೆ ನೀರು" ಎಂದು ಬರೆದಿದೆ. ಗೆರೆಯ ನಡುವೆ ಮೂರು ಚುಕ್ಕೆಗಳಷ್ಟು ಜಾಗ ಖಾಲಿ. ಅಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ: ಬಂಗಡೆ.